ಎಷ್ಟು ಅಂತ ಕೇಳಿಬಿಡಿ: ಅಂಗಡಿ ಇಂಗ್ಲಿಷಿಗೆ 12 ಸೂತ್ರಗಳು

ತಂಗಿಯ ಬಾಣಂತನಕ್ಕೆಂದು ನಮ್ಮಮ್ಮ ನ್ಯೂಜೆರ್ಸಿಗೆ ಹೋಗಿದ್ದರು. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಸಣ್ಣದೊಂದು ಬಾಣಲೆ ಅವರ ಕಣ್ಣಿಗೆ ಬಿತ್ತು. ಒಗ್ಗರಣೆಗೆ ಹೇಳಿ ಮಾಡಿಸಿದ ಹಾಗಿತ್ತಂತೆ. ಎತ್ತಿಕೊಂಡು ತಳ ತಟ್ಟಿದರು, ಹಿಡಿ ಅಲ್ಲಾಡಿಸಿ ನೋಡಿದರು, ಹಿಂದೆ ಮುಂದೆ ತಿರುಗಿಸಿದರು. ಬೆಲೆಯ ಚೀಟಿ ಮಾತ್ರ ಕಾಣಲಿಲ್ಲ. ನಾಲ್ಕು ಹೆಜ್ಜೆ ಆಚೆ ಅಂಗಡಿಯ ಹುಡುಗಿ ಡಬ್ಬಿಗಳನ್ನು ಜೋಡಿಸುತ್ತ ನಿಂತಿದ್ದಳು. ಅಮ್ಮ ಅವಳ ಕಡೆ ಒಮ್ಮೆ ನೋಡಿ, ಬಾಣಲೆಯನ್ನು ಇದ್ದಲ್ಲೇ ಇಟ್ಟು ಬಂದುಬಿಟ್ಟರು. ನಮ್ಮೂರ ಸಂತೆಯಲ್ಲಿ ಬದನೆಕಾಯಿ, ಬೀನ್ಸು, ತೆಂಗಿನಕಾಯಿ ಯಾವುದನ್ನೂ ಬೆಲೆ ಕೇಳದೆ ಮುಟ್ಟದ ಹೆಂಗಸು. ಫೋನಿನಲ್ಲಿ ಅವರು ಇದನ್ನು ಹೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸಂಜೆ ಹೊತ್ತು ಇಂಗ್ಲಿಷ್ ಮಾತಾಡುವುದನ್ನು ಕಲಿಸುವುದು ನನ್ನ ಕೆಲಸ. ಡಿಗ್ರಿ ಮುಗಿಸಿದವರು, ಬ್ಯಾಂಕಿನಲ್ಲಿ ಇರುವವರು, ಮಕ್ಕಳ ಜೊತೆ ಇರಲು ಪರದೇಶಕ್ಕೆ ಹೊರಟ ಹಿರಿಯರು, ಎಲ್ಲರೂ ಬರುತ್ತಾರೆ. ಇವರಲ್ಲಿ ಎಷ್ಟೋ ಜನರಿಗೆ ವ್ಯಾಕರಣ ಬರುತ್ತದೆ, ಆದರೆ ಅಂಗಡಿಯಲ್ಲಿ ಬಾಯಿ ಕಟ್ಟುತ್ತದೆ. ಕೇಳಲಾಗದೆ ಬೇಕಾದ್ದನ್ನು ಬಿಟ್ಟು ಬರುತ್ತಾರೆ, ಇಲ್ಲವೇ ಕೇಳದೆ ತೆಗೆದುಕೊಂಡು ಕೌಂಟರಿನಲ್ಲಿ ಬೆವರುತ್ತಾರೆ. ಕೈಯಲ್ಲಿರುವ ದುಡ್ಡು ನಮ್ಮದು. ಅದರಲ್ಲಿ ಎಷ್ಟು ಹೋಗುತ್ತದೆ ಎಂದು ಮೊದಲೇ ತಿಳಿದುಕೊಳ್ಳುವ ಹಕ್ಕೂ ನಮ್ಮದೇ. ಅದಕ್ಕೆ ಬೇಕಾದ ಇಂಗ್ಲಿಷ್ ನೀವು ಅಂದುಕೊಂಡಿರುವುದಕ್ಕಿಂತ ಬಹಳ ಕಡಿಮೆ.

1. ಒಂದು ವಾಕ್ಯ ಬಾಯಿಪಾಠ ಮಾಡಿ

‘ಹೌ ಮಚ್ ಈಸ್ ದಿಸ್?’ ಇಷ್ಟೇ. ನಾವು ತಪ್ಪುವುದು ಈ ‘ಈಸ್’ ಹತ್ತಿರ. ಕನ್ನಡದಲ್ಲಿ ‘ಇದು ಎಷ್ಟು?’ ಎಂದರೆ ಮಾತು ಮುಗಿಯಿತು, ಕ್ರಿಯಾಪದವೇ ಬೇಡ. ಅದೇ ಲೆಕ್ಕದಲ್ಲಿ ‘ದಿಸ್ ಹೌ ಮಚ್?’ ಎಂದು ಬಾಯಿಗೆ ಬರುತ್ತದೆ. ಅಂಗಡಿಯವರಿಗೆ ಅರ್ಥವಾಗುತ್ತದೆ, ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಇಂಗ್ಲಿಷಿಗೆ ‘ಈಸ್’ ಇಲ್ಲದೆ ವಾಕ್ಯ ನಿಲ್ಲುವುದಿಲ್ಲ. ಪದಗಳ ಸರದಿಯೂ ತಿರುಗುಮುರುಗು: ನಮ್ಮಲ್ಲಿ ವಸ್ತು ಮೊದಲು, ‘ಎಷ್ಟು’ ಆಮೇಲೆ. ಅವರಲ್ಲಿ ‘ಹೌ ಮಚ್’ ಮೊದಲು, ವಸ್ತು ಕೊನೆಗೆ.

ಇನ್ನೊಂದು ತೊಡಕು, ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ‘ಮಚ್’ ಎನ್ನುವುದು ನಮ್ಮ ಬಾಯಲ್ಲಿ ‘ಮಚ್ಚು’ ಆಗುತ್ತದೆ. ಅದಕ್ಕೆ ಪರಿಹಾರ ನಾವು ಶಾಲೆಯಲ್ಲಿ ಓದಿದ ಲೋಪಸಂಧಿಯಲ್ಲೇ ಇದೆ. ಊರು ಮತ್ತು ಅಲ್ಲಿ ಸೇರಿ ‘ಊರಲ್ಲಿ’ ಆಗುವ ಹಾಗೆ, ಮಚ್ ಮತ್ತು ಈಸ್ ಸೇರಿಸಿ ‘ಹೌ ಮಚೀಸ್ ದಿಸ್’ ಎಂದು ಒಂದೇ ಉಸಿರಿಗೆ ಹೇಳಿ. ಇಂಗ್ಲಿಷಿನವರೂ ಹೀಗೆಯೇ ಕೂಡಿಸಿ ಆಡುತ್ತಾರೆ. ನಮ್ಮ ನಾಲಿಗೆಗೆ ಈ ವಿದ್ಯೆ ಹುಟ್ಟಿನಿಂದಲೇ ಬಂದಿದೆ.

2. ಒಂದಕ್ಕೆ ‘ಈಸ್’, ಹೆಚ್ಚಿಗೆ ‘ಆರ್’

‘ಹೌ ಮಚ್ ಆರ್ ದೀಸ್?’ ಬಳೆ, ಮಾವಿನಹಣ್ಣು, ತಟ್ಟೆ, ಒಂದಕ್ಕಿಂತ ಹೆಚ್ಚಿದ್ದರೆ ಹೀಗೆ. ಶೂ, ಪ್ಯಾಂಟು, ಕತ್ತರಿ, ಕನ್ನಡಕ ನಮಗೆ ಒಂದೇ ವಸ್ತುವಾಗಿ ಕಂಡರೂ ಇಂಗ್ಲಿಷಿನಲ್ಲಿ ಜೋಡಿ. ಅವಕ್ಕೂ ‘ಆರ್ ದೀಸ್’.

ಕನ್ನಡದ ‘ಎಷ್ಟು’ ಎಲ್ಲಕ್ಕೂ ಒದಗುತ್ತದೆ: ಎಷ್ಟು ಹಾಲು, ಎಷ್ಟು ಕಾಯಿ, ಎಷ್ಟು ದುಡ್ಡು. ಇಂಗ್ಲಿಷ್ ಅದನ್ನು ಎರಡಾಗಿ ಸೀಳಿದೆ. ಎಣಿಸುವುದಕ್ಕೆ ‘ಹೌ ಮೆನಿ’, ಅಳೆಯುವುದಕ್ಕೆ ‘ಹೌ ಮಚ್’. ರೂಪಾಯಿಯನ್ನು ಎಣಿಸಬಹುದಲ್ಲ, ಹಾಗಾದರೆ ‘ಹೌ ಮೆನಿ ರುಪೀಸ್’ ಅನ್ನಬೇಕೇ ಎಂದು ಕಳೆದ ತಿಂಗಳು ಒಬ್ಬ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಬೇಡ. ಬೆಲೆ ಕೇಳುವಾಗ ಯಾವಾಗಲೂ ‘ಹೌ ಮಚ್’. ‘ಹೌ ಮೆನಿ’ ಬೇಕಾಗುವುದು ಡಬ್ಬಿಯಲ್ಲಿ ಎಷ್ಟು ಲಡ್ಡು ಇದೆ ಎಂದು ಕೇಳುವಾಗ.

3. ಬೆಲೆಗಿಂತ ಮೊದಲು ನಮಸ್ಕಾರ

ನಮ್ಮ ಮರ್ಯಾದೆ ಕ್ರಿಯಾಪದದ ಕೊನೆಯಲ್ಲಿ ಕೂತಿದೆ. ‘ಹೇಳಿ’, ‘ಕೊಡಿ’ ಎಂದರೆ ಸಾಕು, ಬೇರೆ ದಯವಿಟ್ಟು ಬೇಕಾಗಿಲ್ಲ. ಇಂಗ್ಲಿಷಿನ ‘ಟೆಲ್’, ‘ಗಿವ್’ ಪದಗಳಲ್ಲಿ ಆ ‘ಇ’ ಇಲ್ಲ. ಆದ್ದರಿಂದ ‘ಟೆಲ್ ಮಿ ದ ಪ್ರೈಸ್’ ಎಂದು ನಾವು ಸೌಮ್ಯವಾಗಿಯೇ ಅಂದರೂ ಕೇಳುವವರಿಗೆ ಹುಕುಂ ಹೊರಡಿಸಿದಂತೆ ಕೇಳಿಸುತ್ತದೆ. ಮುಂದೆ ‘ಎಕ್ಸ್‌ಕ್ಯೂಸ್ ಮಿ’ ಅಥವಾ ‘ಹಾಯ್’, ಹಿಂದೆ ‘ಪ್ಲೀಸ್’ ಇರಲಿ. ‘ಎಕ್ಸ್‌ಕ್ಯೂಸ್ ಮಿ, ಹೌ ಮಚ್ ಈಸ್ ದಿಸ್, ಪ್ಲೀಸ್?’ ಲಂಡನ್ನಿನಲ್ಲಾಗಲಿ ಸಿಡ್ನಿಯಲ್ಲಾಗಲಿ ಇದು ಸಾಕು.

ಅಣ್ಣ, ಅಕ್ಕ, ಅಮ್ಮ ಎಂಬ ಕರೆ ನಮ್ಮ ಅಂಗಡಿಗಳ ಸೊಗಸು. ಅದನ್ನು ಪರದೇಶಕ್ಕೆ ಒಯ್ಯಬೇಡಿ. ಗುರುತಿಲ್ಲದ ಹೆಂಗಸನ್ನು ಅಲ್ಲಿ ‘ಆಂಟಿ’ ಎಂದರೆ ಅವರಿಗೆ ತಿಳಿಯುವುದೇ ಇಲ್ಲ. ‘ಎಕ್ಸ್‌ಕ್ಯೂಸ್ ಮಿ’ ಒಂದೇ ಎಲ್ಲ ನಂಟಿನ ಕೆಲಸ ಮಾಡುತ್ತದೆ.

4. ಕನ್ನಡ ನಡೆಯುವಲ್ಲಿ ಕನ್ನಡ

ಇಂಗ್ಲಿಷ್ ಕಲಿಸುವವನೇ ಈ ಮಾತು ಹೇಳುತ್ತಿದ್ದೇನೆ. ಮೈಸೂರಿನ ದೇವರಾಜ ಮಾರುಕಟ್ಟೆ, ಹುಬ್ಬಳ್ಳಿಯ ದುರ್ಗದಬೈಲು, ಬೆಂಗಳೂರಿನ ಗಾಂಧಿಬಜಾರು, ಇಲ್ಲೆಲ್ಲ ಕನ್ನಡದಲ್ಲಿ ಕೇಳಿದ ಬೆಲೆಯೇ ಸರಿಯಾದ ಬೆಲೆ. ಬೆಂಗಳೂರಿನ ಮಾಲ್ ಒಂದಕ್ಕೆ ಕಾಲಿಟ್ಟ ಕೂಡಲೇ ನಮಗೆ ನಾವೇ ಇಂಗ್ಲಿಷಿನ ಕಟ್ಟುಪಾಡು ಹಾಕಿಕೊಳ್ಳುತ್ತೇವೆ. ಸಮವಸ್ತ್ರ ಹಾಕಿಕೊಂಡು ಕೌಂಟರಿನಾಚೆ ನಿಂತ ಹುಡುಗಿ ಕೋಲಾರದವಳೋ ರಾಯಚೂರಿನವಳೋ ಇರಬಹುದು. ಅವಳಿಗೂ ಇಂಗ್ಲಿಷ್ ಕಲಿತ ಭಾಷೆಯೇ. ಮೊದಲು ‘ಕನ್ನಡ ಬರುತ್ತಾ?’ ಎಂದು ಕೇಳಿ. ಬರುವುದಾದರೆ ಇಬ್ಬರ ಮುಖವೂ ಸಡಿಲವಾಗುತ್ತದೆ. ಬಾರದಿದ್ದರೆ ಇಂಗ್ಲಿಷಿದೆ.

5. ಬಾಯಿಗಿಂತ ಕಿವಿಗೆ ಹೆಚ್ಚು ತಾಲೀಮು

ನನ್ನ ಅನುಭವದಲ್ಲಿ ಪ್ರಶ್ನೆ ಕೇಳುವುದು ಅರ್ಧ ದಿನದ ಪಾಠ. ಉತ್ತರ ತಿಳಿಯುವುದು ಒಂದು ತಿಂಗಳ ಪಾಠ. ಎಲ್ಲರೂ ಪ್ರಶ್ನೆ ಕಲಿತು ಹೋಗುತ್ತಾರೆ, ಉತ್ತರ ಬಂದಾಗ ಕಂಗಾಲಾಗುತ್ತಾರೆ. ಆದ್ದರಿಂದ ಈ ಸೂತ್ರದ ಹತ್ತಿರ ಸ್ವಲ್ಪ ಹೊತ್ತು ನಿಲ್ಲೋಣ.

ಕನ್ನಡದಲ್ಲಿ ಹದಿನೈದು ಮತ್ತು ಐವತ್ತು ಎಂದೂ ಬೆರೆಯುವುದಿಲ್ಲ. ಹದಿಮೂರು ಬೇರೆ, ಮೂವತ್ತು ಬೇರೆ. ಇಂಗ್ಲಿಷಿನಲ್ಲಿ ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಅಕ್ಕತಂಗಿಯರು. ಗದ್ದಲದ ಅಂಗಡಿಯಲ್ಲಿ ಕೊನೆಯ ‘ನ್’ ಕೇಳಿಸುವುದೇ ಇಲ್ಲ. ಅದನ್ನು ಹುಡುಕಬೇಡಿ. ಒತ್ತು ಎಲ್ಲಿದೆ ಎಂದು ಕೇಳಿಸಿಕೊಳ್ಳಿ. ಹದಿನೈದಾದರೆ ಕೊನೆ ಎಳೆಯುತ್ತದೆ: ಫಿಫ್‌ಟೀ...ನ್. ಐವತ್ತಾದರೆ ಮೊದಲಕ್ಷರ ಗಟ್ಟಿ, ಕೊನೆ ಚುಟುಕು: ಫಿಫ್‌ಟಿ. ಅಮೆರಿಕದವರು ಮೂವತ್ತು, ನಲವತ್ತು, ಎಂಬತ್ತನ್ನು ಹೆಚ್ಚುಕಡಿಮೆ ‘ಥರ್ಡಿ’, ‘ಫೋರ್ಡಿ’, ‘ಏಯ್ಡಿ’ ಎನ್ನುತ್ತಾರೆ. ಹೀಗೆ ‘ಡಿ’ ಕೇಳಿಸಿತೆಂದರೆ ಅದು ಹದಿಮೂರು, ಹದಿನಾಲ್ಕು, ಹದಿನೆಂಟು ಅಲ್ಲವೆಂದು ಗಟ್ಟಿ.

ಆದರೂ ಅನುಮಾನವೇ? ಅಂಕಿ ಬಿಡಿಸಿ ಕೇಳಿ: ‘ಒನ್-ಫೈವ್, ಆರ್ ಫೈವ್-ಝೀರೋ?’ ಇದಕ್ಕಿಂತ ಉಪಕಾರಿಯಾದ ವಾಕ್ಯ ನನಗೆ ಗೊತ್ತಿಲ್ಲ. ಸುಮ್ಮನೆ ‘ಸಾರಿ?’ ಎಂದರೆ ಅವರು ಅದೇ ಪದವನ್ನು ಅದೇ ವೇಗದಲ್ಲಿ ಮತ್ತೆ ಹೇಳುತ್ತಾರೆ. ಅಂಕಿ ಬಿಡಿಸಿದರೆ ತಪ್ಪುವ ಪ್ರಶ್ನೆಯೇ ಇಲ್ಲ. ‘ಕುಡ್ ಯು ಶೋ ಮಿ?’ ಎಂದು ಕ್ಯಾಲ್ಕುಲೇಟರಿನ ಕಡೆಗೋ ಫೋನಿನ ಕಡೆಗೋ ಬೆರಳು ತೋರಿಸಿದರೂ ಆಯಿತು.

ಇನ್ನು ಪೈಸೆಯ ಲೆಕ್ಕ. ಬಾಣಲೆ ಬಿಟ್ಟು ಬಂದ ಮರುವಾರ ತಂಗಿಯ ಒತ್ತಾಯಕ್ಕೆ ಅಮ್ಮ ಅದೇ ಅಂಗಡಿಗೆ ಹೋಗಿ ಅದನ್ನು ಎತ್ತಿ ಹಿಡಿದು ‘ಹೌ ಮಚ್ ಈಸ್ ದಿಸ್?’ ಎಂದು ತಾವೇ ಕೇಳಿದರು. ಹುಡುಗಿ ‘ನೈನ್‌ಟೀನ್ ನೈಂಟಿ ನೈನ್’ ಎಂದಳು. ಅಮ್ಮನಿಗೆ ಕೇಳಿಸಿದ್ದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಅದು 19 ಡಾಲರ್ 99 ಸೆಂಟ್. ಡಾಲರ್, ಸೆಂಟ್ ಎಂಬ ಪದಗಳನ್ನು ಅಲ್ಲಿ ಬಿಟ್ಟೇ ಹೇಳುತ್ತಾರೆ. ‘ತ್ರೀ ಫಿಫ್ಟಿ’ ಎಂದರೆ ಕಾಫಿ ಅಂಗಡಿಯಲ್ಲಿ ಮೂರೂವರೆ ಡಾಲರ್, ಸೋಫಾ ಅಂಗಡಿಯಲ್ಲಿ ಮುನ್ನೂರೈವತ್ತು. ಸಂದರ್ಭ ನೋಡಿ ತಿಳಿಯಬೇಕು. ‘ಟ್ವೆಲ್ವ್ ಹಂಡ್ರೆಡ್’ ಎಂದರೆ ಸಾವಿರದಿನ್ನೂರು, ‘ಫಿಫ್ಟೀನ್ ಹಂಡ್ರೆಡ್’ ಎಂದರೆ ಒಂದೂವರೆ ಸಾವಿರ. ಅಮೆರಿಕದ ‘ಬಕ್ಸ್’ ಡಾಲರ್, ಬ್ರಿಟನ್ನಿನ ‘ಕ್ವಿಡ್’ ಪೌಂಡು, ಅಲ್ಲಿನ ‘ಪಿ’ ಎಂದರೆ ಪೆನ್ಸ್. ಲಕ್ಷ, ಕೋಟಿ ನಮ್ಮ ಕಡೆಯ ಎಣಿಕೆ. ಅಮೆರಿಕದಲ್ಲಾಗಲಿ ಬ್ರಿಟನ್ನಿನಲ್ಲಾಗಲಿ ಒಂದು ಲಕ್ಷ ಎಂದರೆ ‘ಎ ಹಂಡ್ರೆಡ್ ಥೌಸಂಡ್’, ಹತ್ತು ಲಕ್ಷ ಒಂದು ‘ಮಿಲಿಯನ್’.

ಅಭ್ಯಾಸ ಹೇಗೆ? ಮನೆಯ ಹಳೆಯ ಬಿಲ್ಲುಗಳನ್ನು ಮುಂದಿಟ್ಟುಕೊಳ್ಳಿ. ಮಗನೋ ಮೊಮ್ಮಗಳೋ ಒಂದೊಂದೇ ಮೊತ್ತವನ್ನು ಇಂಗ್ಲಿಷಿನಲ್ಲಿ ಓದಲಿ, ನೀವು ನೋಡದೆ ಬರೆದುಕೊಳ್ಳಿ. ದಿನಕ್ಕೆ 20 ಮೊತ್ತ, ಎರಡು ವಾರ. ನಮ್ಮ ತರಗತಿಯಲ್ಲಿ ಇದಕ್ಕಿಂತ ಬೇಗ ಫಲ ಕೊಟ್ಟ ಪಾಠ ಬೇರೊಂದಿಲ್ಲ.

6. ಪ್ರೈಸ್, ಕಾಸ್ಟ್, ರೇಟ್, ಫೇರ್: ಯಾವುದು ಎಲ್ಲಿ?

ವಸ್ತುವಿಗೆ ‘ಪ್ರೈಸ್’. ಕೊನೆಯ ಧ್ವನಿ ‘ಸ್’ ಇರಲಿ, ‘ಝ್’ ಆದರೆ ಅದು ಬಹುಮಾನ. ‘ಕಾಸ್ಟ್’ ಅನ್ನು ಕ್ರಿಯಾಪದವಾಗಿ ಬಳಸಿ: ‘ಹೌ ಮಚ್ ಡಸ್ ಇಟ್ ಕಾಸ್ಟ್?’ ಬಸ್ಸು, ಟ್ಯಾಕ್ಸಿಗೆ ‘ಫೇರ್’. ವೈದ್ಯರಿಗೆ, ಶಾಲೆಗೆ ‘ಫೀ’. ‘ರೇಟ್ ಎಷ್ಟು?’ ಎಂಬುದು ಈಗ ಅಪ್ಪಟ ಕನ್ನಡವೇ ಆಗಿದೆ, ಆದರೆ ಇಂಗ್ಲಿಷಿನಲ್ಲಿ ‘ರೇಟ್’ ಎಂದರೆ ಗಂಟೆಗೆ, ದಿನಕ್ಕೆ, ಗ್ರಾಮಿಗೆ ಇಷ್ಟು ಎಂಬ ದರ. ಹೋಟೆಲ್ ಕೋಣೆಗೆ, ಚಿನ್ನಕ್ಕೆ, ಡಾಲರ್ ವಿನಿಮಯಕ್ಕೆ ‘ರೇಟ್’ ಸರಿ. ಅಂಗಿಗೆ ‘ಪ್ರೈಸ್’.

7. ‘ತೆರಿಗೆ ಸೇರಿದೆಯೇ?’ ಎಂದು ಕೇಳದೆ ಬಿಡಬೇಡಿ

ವಾಕ್ಯ ಸರಳ: ‘ಡಸ್ ದಟ್ ಇನ್‌ಕ್ಲೂಡ್ ಟ್ಯಾಕ್ಸ್?’

ಇದು ಏಕೆ ಮುಖ್ಯ ಎಂದರೆ ಒಂದೊಂದು ದೇಶದ ಚೀಟಿ ಒಂದೊಂದು ಮಾತು ಹೇಳುತ್ತದೆ. ನಮ್ಮಲ್ಲಿ ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಅಚ್ಚಾಗುವ ಎಂಆರ್‌ಪಿ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ. ಅದರ ಮೇಲೆ ಜಿಎಸ್‌ಟಿ ಎಂದು ಒಂದು ಪೈಸೆಯನ್ನೂ ಕೇಳುವ ಹಾಗಿಲ್ಲ. ಕೇಳಿದರೆ ‘ದ ಎಂಆರ್‌ಪಿ ಇನ್‌ಕ್ಲೂಡ್ಸ್ ಆಲ್ ಟ್ಯಾಕ್ಸಸ್’ ಎಂದು ನಯವಾಗಿ, ಚೀಟಿಯ ಮೇಲೆ ಬೆರಳಿಟ್ಟು ಹೇಳಿ. ಆಗಲೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಹೇಳಿ ಮಾಡಿಸುವ ಪೀಠೋಪಕರಣ, ಚಿನ್ನ ಇಂಥವಕ್ಕೆ ಎಂಆರ್‌ಪಿ ಇರುವುದಿಲ್ಲ. ಬಾಯಿಮಾತಿನ ಬೆಲೆಯ ಮೇಲೆ ಜಿಎಸ್‌ಟಿ ಬೇರೆ ಕೂಡಿಸುವುದುಂಟು. ಅಲ್ಲಿ ‘ಈಸ್ ಜಿಎಸ್‌ಟಿ ಇನ್‌ಕ್ಲೂಡೆಡ್?’ ಎಂದು ಮೊದಲೇ ಕೇಳಬೇಕು. ಚಿನ್ನಕ್ಕೆ ಶೇಕಡಾ 3 ಎಂದರೂ ಲಕ್ಷಕ್ಕೆ ಮೂರು ಸಾವಿರವಾಯಿತು.

ಬ್ರಿಟನ್ನಿನಲ್ಲಿ ಅಂಗಡಿಯ ಚೀಟಿಯಲ್ಲಿರುವ ಬೆಲೆಗೆ ವ್ಯಾಟ್ ಸೇರಿಯೇ ಇರುತ್ತದೆ. ಅಲ್ಲಿನ ಸಾಮಾನ್ಯ ದರ ಶೇಕಡಾ 20, ಆದರೆ ಕೊಳ್ಳುವವರು ಲೆಕ್ಕ ಹಾಕಬೇಕಿಲ್ಲ. ಅಮೆರಿಕದ ಕಥೆ ಪೂರಾ ಬೇರೆ. ಅಲ್ಲಿ ಚೀಟಿಯ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಕೌಂಟರಿನಲ್ಲಿ ಕೂಡುತ್ತದೆ. ದರ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಎಷ್ಟೋ ಕಡೆ ಊರಿಂದ ಊರಿಗೂ ಬೇರೆ. ಆರೆಗಾನ್, ಡೆಲವೇರ್‌ಗಳಲ್ಲಿ ಮಾರಾಟ ತೆರಿಗೆಯೇ ಇಲ್ಲ. ನ್ಯೂಜೆರ್ಸಿಯಲ್ಲಿ ಶೇಕಡಾ 6.625, ಅದರಲ್ಲೂ ಬಟ್ಟೆಗೆ ವಿನಾಯಿತಿ. ಅಮ್ಮ 20 ಡಾಲರ್ ನೋಟೊಂದನ್ನು ಮಡಚಿ ಹಿಡಿದು ಸರದಿಯಲ್ಲಿ ನಿಂತಿದ್ದರು. ಬಾಣಲೆಯ ಬಿಲ್ಲು 21 ಡಾಲರ್ 31 ಸೆಂಟ್ ಎಂದು ಬಂತು. ತಂಗಿ ಹಿಂದೆಯೇ ಇದ್ದುದರಿಂದ ಸರಿಹೋಯಿತು. ಒಬ್ಬರೇ ಹೋಗುವ ಹಿರಿಯರಿಗೆ ನಾನು ಹೇಳುವುದು ಇಷ್ಟೇ: ಚೀಟಿಯಲ್ಲಿರುವುದಕ್ಕಿಂತ ಹತ್ತನೇ ಒಂದು ಪಾಲು ಹೆಚ್ಚು ಹಣ ಕೈಯಲ್ಲಿರಲಿ.

8. ಕಿಲೋಗೋ, ಕಟ್ಟಿಗೋ, ಒಂದಕ್ಕೋ?

‘ಈಸ್ ಇಟ್ ಬೈ ವೇಟ್, ಆರ್ ಈಚ್?’ ತೂಕಕ್ಕೋ, ಒಂದೊಂದಕ್ಕೋ ಎಂದು ಹೀಗೆ ಕೇಳಿ. ಉತ್ತರದಲ್ಲಿ ಬರುವ ಸಣ್ಣ ‘ಅ’ ಅನ್ನು ಕಡೆಗಣಿಸಬೇಡಿ. ‘ಟೂ ಫಾರ್ಟಿ-ನೈನ್ ಅ ಪೌಂಡ್’ ಎಂದರೆ ಪೌಂಡಿಗೆ 2 ಡಾಲರ್ 49 ಸೆಂಟ್. ‘ಅ ಬಂಚ್’ ಎಂದರೆ ಕಟ್ಟಿಗೆ, ‘ಅ ಡಜನ್’ ಎಂದರೆ ಡಜನ್ನಿಗೆ. ನಮ್ಮ ಚತುರ್ಥಿಯ ‘ಗೆ’ ಮಾಡುವ ಕೆಲಸವನ್ನು ಅವರ ‘ಅ’ ಮಾಡುತ್ತದೆ.

ಪೌಂಡು ಎಂದರೆ ಸುಮಾರು 454 ಗ್ರಾಂ, ಅರ್ಧ ಕಿಲೋಗಿಂತ ಕೊಂಚ ಕಡಿಮೆ. ಕಿಲೋ ಲೆಕ್ಕ ಬೇಕಿದ್ದರೆ ಎರಡು ಪಟ್ಟು ಮಾಡಿ, ಬಂದುದರ ಹತ್ತನೇ ಒಂದು ಪಾಲು ಸೇರಿಸಿ. ಪೌಂಡಿಗೆ 2.49 ಇದ್ದ ಬೆಂಡೆಕಾಯಿ ಕಿಲೋಗೆ ಹೆಚ್ಚುಕಡಿಮೆ ಐದೂವರೆ ಡಾಲರ್. ಇಷ್ಟು ಲೆಕ್ಕ ಮನಸ್ಸಿನಲ್ಲೇ ಆಗುತ್ತದೆ, ಮಗ್ಗಿ ಕಲಿತ ನಮ್ಮ ಹಿರಿಯರಿಗಂತೂ ಚಿಟಿಕೆ ಹೊಡೆದಷ್ಟು ಸುಲಭ.

9. ‘ಸೇಲ್’ ಬೋರ್ಡನ್ನು ನಿಧಾನವಾಗಿ ಓದಿ

‘ಫಾರ್ ಸೇಲ್’ ಎಂದರೆ ಮಾರಾಟಕ್ಕಿದೆ. ‘ಆನ್ ಸೇಲ್’ ಎಂದರೆ, ಅಮೆರಿಕದಲ್ಲಿ, ಬೆಲೆ ಇಳಿಸಿದ್ದಾರೆ. ‘ಈಸ್ ದಿಸ್ ಆನ್ ಸೇಲ್?’ ಎಂದು ವಸ್ತು ತೋರಿಸಿ ಕೇಳಿ, ಏಕೆಂದರೆ ಬೋರ್ಡು ಇಡೀ ಕಪಾಟಿನ ಮೇಲಿದ್ದರೂ ರಿಯಾಯಿತಿ ಕೆಳಗಿನ ಸಾಲಿಗೆ ಮಾತ್ರ ಇರಬಹುದು.

‘50 ಪರ್ಸೆಂಟ್ ಆಫ್’ ಎಂಬ ದಪ್ಪ ಅಕ್ಷರದ ಮೇಲೆ ‘ಅಪ್ ಟು’ ಎಂಬ ಸಣ್ಣ ಅಕ್ಷರ ಇದೆಯೇ ನೋಡಿ. ಇದ್ದರೆ ಯಾವುದೋ ಒಂದೆರಡಕ್ಕೆ ಅರ್ಧ ಬೆಲೆ, ಉಳಿದವಕ್ಕೆ ಶೇಕಡಾ ಹತ್ತೋ ಹದಿನೈದೋ ಇರಬಹುದು. ‘ಟೂ ಫಾರ್ ಫೈವ್’ ಎಂದರೆ ಎರಡಕ್ಕೆ ಐದು. ಒಂದೇ ಕೊಂಡರೆ ಎರಡೂವರೆಗೆ ಕೊಡುವ ಅಂಗಡಿಯೂ ಇದೆ, ಪೂರ್ತಿ ಬೆಲೆ ಹಾಕುವ ಅಂಗಡಿಯೂ ಇದೆ. ‘ಹೌ ಮಚ್ ಫಾರ್ ಜಸ್ಟ್ ಒನ್?’ ಎಂದು ಕೇಳಿಬಿಡಿ.

10. ಚೌಕಾಸಿಗೂ ಜಾಗ ಇದೆ, ಭಾಷೆ ಇದೆ

ಸೂಪರ್ ಮಾರ್ಕೆಟ್ಟು, ಮಾಲಿನ ಬ್ರ್ಯಾಂಡ್ ಅಂಗಡಿ, ಔಷಧಿ ಅಂಗಡಿ, ಇಲ್ಲಿ ಚೌಕಾಸಿ ನಡೆಯುವುದಿಲ್ಲ. ಕೌಂಟರಿನಲ್ಲಿ ನಿಂತ ಹುಡುಗರಿಗೆ ಆ ಅಧಿಕಾರವೇ ಇಲ್ಲ, ಅವರನ್ನು ಕಾಡಬಾರದು. ಕಮರ್ಷಿಯಲ್ ಸ್ಟ್ರೀಟಿನ ಪುಟ್ಟ ಅಂಗಡಿ, ಪರದೇಶದ ಹಳೆ ಸಾಮಾನಿನ ಸಂತೆ, ಬೀದಿಬದಿಯ ಚೀಲದಂಗಡಿ, ಇಲ್ಲಿ ಧಾರಾಳವಾಗಿ ಕೇಳಬಹುದು.

ಕನ್ನಡದಿಂದ ನೇರ ಎತ್ತಿಕೊಂಡರೆ ಇಲ್ಲಿ ಎಡವುತ್ತೇವೆ. ‘ಎಷ್ಟಕ್ಕೆ ಕೊಡ್ತೀರಾ?’ ಎಂಬುದು ‘ಹೌ ಮಚ್ ಯು ವಿಲ್ ಗಿವ್?’ ಆಯಿತೆಂದರೆ, ನೀವೇ ದುಡ್ಡು ಕೇಳುತ್ತಿದ್ದೀರಿ ಎಂದಾಗುತ್ತದೆ. ‘ವಾಟ್ಸ್ ಯುವರ್ ಬೆಸ್ಟ್ ಪ್ರೈಸ್?’ ಎನ್ನಿ. ನಮ್ಮ ಕಡೆ ನಡೆಯುವ ‘ಲಾಸ್ಟ್ ಪ್ರೈಸ್’ ಮುಂಬಯಿಯಲ್ಲಿ, ದುಬೈಯಲ್ಲಿ ತಿಳಿಯುತ್ತದೆ, ಲಂಡನ್ನಿನಲ್ಲಿ ಕಷ್ಟ. ‘ಸ್ವಲ್ಪ ಕಮ್ಮಿ ಮಾಡಿ’ ಎನ್ನಲು ‘ಕುಡ್ ಯು ಕಮ್ ಡೌನ್ ಅ ಲಿಟಲ್?’ ‘ಜಾಸ್ತಿಯಾಯ್ತು’ ಎನ್ನಲು ‘ದಟ್ಸ್ ಅ ಬಿಟ್ ಮಚ್ ಫಾರ್ ಮಿ’. ಈ ‘ಫಾರ್ ಮಿ’ ಬಹಳ ಒಳ್ಳೆಯದು. ನಿಮ್ಮ ಸಾಮಾನು ಅಷ್ಟು ಬಾಳುವುದಿಲ್ಲ ಎಂದು ಹೀಗಳೆಯದೆ, ನನ್ನ ಕೈಗೆ ಎಟುಕುವುದಿಲ್ಲ ಎಂದಷ್ಟೇ ಹೇಳುತ್ತದೆ.

‘ಚೀಪ್’ ಪದದ ಬಗ್ಗೆ ಒಂದು ಎಚ್ಚರಿಕೆ. ಅದಕ್ಕೆ ಅಗ್ಗ ಎಂಬುದರ ಜೊತೆ ಕಳಪೆ ಎಂಬ ವಾಸನೆಯೂ ಇದೆ. ಕಡಿಮೆ ಬೆಲೆಯದು ತೋರಿಸಿ ಎನ್ನಲು ‘ಡು ಯು ಹ್ಯಾವ್ ಎನಿಥಿಂಗ್ ಲೆಸ್ ಎಕ್ಸ್‌ಪೆನ್ಸಿವ್?’ ಎನ್ನಿ. ಇಷ್ಟುದ್ದ ಕಷ್ಟವಾದರೆ ‘ಸಮ್‌ಥಿಂಗ್ ಅರೌಂಡ್ ಟ್ವೆಂಟಿ?’ ಎಂದು ನಿಮ್ಮ ಬಜೆಟ್ಟನ್ನೇ ಹೇಳಿಬಿಡಿ. ಅಂಗಡಿಯವರಿಗೂ ಸಮಯ ಉಳಿಯುತ್ತದೆ.

ಕರಾವಳಿಯ ನಮ್ಮವರು ತಲೆಮಾರುಗಳಿಂದ ಕೊಲ್ಲಿ ದೇಶಗಳಲ್ಲಿದ್ದಾರೆ. ಅವರನ್ನು ನೋಡಲು ಹೋದವರು ದುಬೈಯ ದೇರಾದ ಚಿನ್ನದ ಬೀದಿ ನೋಡದೆ ಬರುವುದು ಅಪರೂಪ. ಅಲ್ಲಿ ಎರಡು ಬೆಲೆ ಇದೆ ಎಂದು ತಿಳಿದಿರಲಿ. ಚಿನ್ನದ ದರ ಆ ದಿನಕ್ಕೆ ನಿಗದಿ, ಗ್ರಾಮಿಗೆ ಇಷ್ಟು ಎಂದು ಬೋರ್ಡಿನಲ್ಲಿರುತ್ತದೆ, ಅದರಲ್ಲಿ ಚೌಕಾಸಿ ಇಲ್ಲ. ಮಜೂರಿಯಲ್ಲಿ ಇದೆ. ಆದ್ದರಿಂದ ಒಡವೆ ಎತ್ತಿ ‘ಹೌ ಮಚ್?’ ಎಂದು ಒಟ್ಟು ಬೆಲೆ ಕೇಳಿ ಸುಮ್ಮನಾಗಬೇಡಿ. ‘ವಾಟ್ಸ್ ದ ಗೋಲ್ಡ್ ರೇಟ್ ಟುಡೇ?’ ಮೊದಲ ಪ್ರಶ್ನೆ. ‘ಹೌ ಮಚ್ ಡಸ್ ಇಟ್ ವೇ?’ ತೂಕದ ಪ್ರಶ್ನೆ. ‘ವಾಟ್ ಆರ್ ದ ಮೇಕಿಂಗ್ ಚಾರ್ಜಸ್?’ ಮೂರನೆಯದು, ಅಲ್ಲಿಂದ ಚೌಕಾಸಿ ಶುರು. 2018ರ ಜನವರಿಯಿಂದ ಅಲ್ಲಿ ಶೇಕಡಾ 5 ವ್ಯಾಟ್ ಬಂದಿದೆ, ಅದು ಸೇರಿದೆಯೇ ಎಂದೂ ಕೇಳಿ. ನಮ್ಮೂರಿನ ಒಡವೆ ಅಂಗಡಿಯಲ್ಲೂ ಇದೇ ಪ್ರಶ್ನೆಗಳು ನಡೆಯುತ್ತವೆ, ಜೊತೆಗೆ ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಯ ಎಚ್‌ಯುಐಡಿ ತೋರಿಸಿ ಎನ್ನಬೇಕು. 22 ಕ್ಯಾರೆಟ್ಟಿಗೆ 916 ಎಂಬ ಗುರುತಿರುತ್ತದೆ.

11. ಕೇಳಿದರೆ ಕೊಳ್ಳಲೇಬೇಕೆಂದಿಲ್ಲ

ಬಾಯಿ ಕಟ್ಟುವುದಕ್ಕೆ ನಿಜವಾದ ಕಾರಣ ಇದೇ ಎಂದು ನನಗೆ ಈಚೀಚೆಗೆ ಅನಿಸುತ್ತಿದೆ. ಬೆಲೆ ಕೇಳಿದ ಮೇಲೆ ಬೇಡ ಎನ್ನಲು ಇಂಗ್ಲಿಷ್ ಬಾರದು. ಅದಕ್ಕೇ ಕೇಳುವುದೇ ಬೇಡ ಎಂದು ಮನಸ್ಸು ಹಿಂದೆ ಸರಿಯುತ್ತದೆ. ಕನ್ನಡದಲ್ಲಿ ‘ಬರ್ತೀನಿ, ನೋಡ್ಕೊಂಡು ಬರ್ತೀನಿ’ ಎಂದು ಎಷ್ಟು ಹಗುರವಾಗಿ ಹೊರಬರುತ್ತೇವೆ! ಅಂಗಡಿಯವರಿಗೂ ಗೊತ್ತು, ನಮಗೂ ಗೊತ್ತು, ಯಾರಿಗೂ ಬೇಸರವಿಲ್ಲ.

ಇಂಗ್ಲಿಷಿನಲ್ಲೂ ಅಂಥ ಬಾಗಿಲುಗಳಿವೆ. ‘ಐ’ಲ್ ಥಿಂಕ್ ಅಬೌಟ್ ಇಟ್, ಥ್ಯಾಂಕ್ ಯು.’ ಇದನ್ನು ‘ಹೌ ಮಚ್ ಈಸ್ ದಿಸ್’ ಜೊತೆಗೇ, ಅದೇ ದಿನ ಕಲಿಯಿರಿ. ಒಳಗೆ ಬರುತ್ತಿದ್ದಂತೆ ಯಾರಾದರೂ ಏನು ಬೇಕೆಂದು ಕೇಳಿದರೆ ‘ಜಸ್ಟ್ ಲುಕಿಂಗ್, ಥ್ಯಾಂಕ್ಸ್.’ ಅಂಗಿ ಹಾಕಿ ನೋಡಿ ಬೇಡವೆನಿಸಿದರೆ ‘ಇಟ್ಸ್ ನಾಟ್ ಕ್ವೈಟ್ ರೈಟ್ ಫಾರ್ ಮಿ.’ ಕಾರಣ ಕೊಡಬೇಕಿಲ್ಲ, ಕ್ಷಮೆ ಕೇಳಬೇಕಿಲ್ಲ. ಪರದೇಶಕ್ಕೆ ಹೊರಟ ಹಿರಿಯರ ತರಗತಿಯಲ್ಲಿ ಈಗ ನಾನು ‘ಬೇಡ’ವನ್ನೇ ಮೊದಲು ಕಲಿಸುತ್ತೇನೆ. ಬೇಡ ಎನ್ನಲು ಬಂದವರಿಗೆ ಕೇಳಲು ಭಯವಿರುವುದಿಲ್ಲ.

12. ಕೌಂಟರಿನಲ್ಲಿ ಅವಸರ ಬೇಡ

‘ಎಷ್ಟಾಯ್ತು?’ ಎಂಬುದಕ್ಕೆ ‘ಹೌ ಮಚ್ ಈಸ್ ಇಟ್ ಆಲ್‌ಟುಗೆದರ್?’ ಬಿಲ್ಲಿಗೆ ‘ಕುಡ್ ಐ ಹ್ಯಾವ್ ದ ರಿಸೀಟ್, ಪ್ಲೀಸ್?’ ಅಮೆರಿಕದ ಹೋಟೆಲಿನಲ್ಲಿ ಬಿಲ್ಲಿಗೆ ‘ಚೆಕ್’ ಎನ್ನುತ್ತಾರೆ. ಚೀಲ ಬೇಕೇ ಎಂದು ಕೇಳಿದರೆ ಹೂಂ ಎನ್ನುವ ಮುಂಚೆ ‘ಈಸ್ ದ ಬ್ಯಾಗ್ ಎಕ್ಸ್‌ಟ್ರಾ?’ ಇಂಗ್ಲೆಂಡಿನಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಕನಿಷ್ಠ 10 ಪೆನ್ಸ್ ಎಂದು 2021ರಿಂದ ಕಾನೂನೇ ಇದೆ. ಬಟ್ಟೆ ಚೀಲ ಹಿಡಿದುಕೊಂಡು ಹೋಗುವ ನಮ್ಮ ಹಳೆಯ ಅಭ್ಯಾಸ ಅಲ್ಲಿ ದುಡ್ಡು ಉಳಿಸುತ್ತದೆ.

ಚಿಲ್ಲರೆಗೆ ‘ಚೇಂಜ್’. ಅಮೆರಿಕದ ನಾಣ್ಯಗಳಲ್ಲಿ 10 ಸೆಂಟಿನ ಡೈಮ್, 5 ಸೆಂಟಿನ ನಿಕಲ್‌ಗಿಂತ ಚಿಕ್ಕದು. ಗಾತ್ರ ನೋಡಿ ಎಣಿಸಿದರೆ ತಪ್ಪುತ್ತದೆ. 25 ಸೆಂಟಿನದು ಕ್ವಾರ್ಟರ್, ನಮ್ಮ ಹಳೆಯ ನಾಲ್ಕಾಣೆಯ ಹಾಗೆ ಕಾಲು ಭಾಗ.

ಚೀಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಬಂದರೆ ಅಲ್ಲೇ ನಿಲ್ಲಿ. ಹಿಂದೆ ಸರದಿ ಇದೆ ಎಂದು ಸಂಕೋಚ ಪಟ್ಟು ಹೊರಬಂದರೆ ಮತ್ತೆ ಹೋಗಲು ಮನಸ್ಸಾಗುವುದಿಲ್ಲ. ಹೇಳಬೇಕಾದ್ದು ಎರಡೇ ವಾಕ್ಯ: ‘ಸಾರಿ, ಐ ಥಿಂಕ್ ದೇರ್’ಸ್ ಎ ಮಿಸ್ಟೇಕ್. ದ ಟ್ಯಾಗ್ ಸೆಡ್ ನೈನ್.’ ‘ಯು’ ಎಂದು ಎದುರಿನವರ ಮೇಲೆ ಹಾಕದೆ ‘ದ ಟ್ಯಾಗ್ ಸೆಡ್’ ಎಂದರೆ ತಪ್ಪು ಚೀಟಿಯದಾಗುತ್ತದೆ, ಸರಿಪಡಿಸುವುದು ಅವರಿಗೂ ಸುಲಭವಾಗುತ್ತದೆ.

ಕಳೆದ ವರ್ಷ ಅಮ್ಮ ಎರಡನೇ ಸಲ ಹೋಗಿದ್ದಾಗ ಕೊತ್ತಂಬರಿ ಎರಡು ಕಟ್ಟು ತೆಗೆದುಕೊಂಡಿದ್ದರು, ಬಿಲ್ಲಿನಲ್ಲಿ ಮೂರು ಕಟ್ಟು ಬಂದಿತ್ತು. ಬಾಗಿಲ ಹತ್ತಿರ ನಿಂತು ಕನ್ನಡಕ ಏರಿಸಿ ಬಿಲ್ಲು ಓದಿದರು. ಮೊಮ್ಮಗಳ ಕೈ ಹಿಡಿದುಕೊಂಡು ಕೌಂಟರಿಗೆ ವಾಪಸು ಹೋಗಿ, ಎರಡೂ ಕಟ್ಟನ್ನು ಮೇಜಿನ ಮೇಲಿಟ್ಟು, ‘ಎಕ್ಸ್‌ಕ್ಯೂಸ್ ಮಿ, ಓನ್ಲಿ ಟೂ’ ಎಂದರು.